ಸ್ಯಾಂಪಲ್

ಹುಬ್ಬಳ್ಳಿಯಿಂದ ಫೋನು:
'ನೀವು ಬರೆದದ್ದು ಏನಾದರೂ ಇದ್ದರೆ
ನಾಲ್ಕೈದು ಸ್ಯಾಂಪಲ್ ಕಳಿಸಿ. ನೋಡಿ ಹೇಳ್ತೇವೆ.'

ಕೂದಲ ರಾಶಿಯ ಮುಂದೆ ಕೂತ ಅವ್ವ
ತಲೆ ಎತ್ತಲಿಲ್ಲ.
ಭಾಗ್ಯನಗರದ ನಮ್ಮ ಓಣಿಯಲ್ಲಿ
ಸ್ಯಾಂಪಲ್ ಅಂದರೆ ಏನೆಂದು
ತೊಟ್ಟಿಲ ಕೂಸಿಗೂ ಗೊತ್ತು.
ಎಲ್ಲೆಲ್ಲಿಯ ಹೆಂಗಸರದೋ ಬಾಚಣಿಗೆಗೆ ಸಿಕ್ಕು
ಉಂಡೆಯಾಗಿ, ಚೀಲವಾಗಿ ಬಂದ ಕೂದಲು.
ಸೂಜಿಯಿಂದ ಸಿಕ್ಕು ಬಿಡಿಸಿ, ತೊಳೆದು,
ಮೊಳೆಹಲಗೆಯ ಮೇಲೆ ಎಳೆದೆಳೆದು
ಎಂಟಿಂಚು, ಹತ್ತಿಂಚು, ಹದಿನಾಲ್ಕು,
ಅಳತೆಗೊಂದು ಕಟ್ಟು.
ಕಟ್ಟಿಗೊಂದು ಎಳೆಗುಚ್ಛ ಬೇರೆ ತೆಗೆದು
ಸಾವುಕಾರ ಚೆನ್ನೈಗೆ ಕಳಿಸುತ್ತಾನೆ.

ನನ್ನ ಹತ್ತಿರ ಏನಿದೆ?
ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಫೈಲು ತೆಗೆದೆ.

ಜವಾಹರ ರಸ್ತೆಯ ಹಲ್ಲಿನ ದವಾಖಾನೆಯ ಕರಪತ್ರ.
'ನೋವಿಲ್ಲದೆ' ಎಂಬ ಶಬ್ದವನ್ನು ಮೂರು ಕಡೆ
ಡಾಕ್ಟರು ತಾವೇ ತುರುಕಿದ್ದರು.
ದಾಳಿಂಬೆ ನರ್ಸರಿಯವರ ಒಂದು ಹಾಳೆ;
ರೊಕ್ಕದ ಬದಲು ಎರಡು ಸಸಿ ಕೊಟ್ಟರು,
ಒಂದು ಬದುಕಿದೆ.
ಗಿಣಿಗೇರಿ ಫ್ಯಾಕ್ಟರಿಯ ಗೇಟಿಗೆ
ಹಿಂದಿಯಿಂದ ಇಳಿಸಿದ ಎಚ್ಚರಿಕೆ:
'ಹೆಲ್ಮೆಟ್ ಇಲ್ಲದೆ ಒಳಗೆ ಬರಬೇಡಿ.
ಮನೆಯಲ್ಲಿ ಯಾರೋ ಅನ್ನಕ್ಕಿಟ್ಟು ಕಾಯುತ್ತಿದ್ದಾರೆ.'
ಎರಡನೆಯ ಸಾಲು ಹಿಂದಿಯಲ್ಲಿರಲಿಲ್ಲ.
ಯಾರೂ ಕೇಳಲಿಲ್ಲ, ಹಾಗೇ ಉಳಿಯಿತು.

ಮಗ್ಗದ ಸಕ್ರಪ್ಪ ಕಾಕಾ ತೀರಿದಾಗ
ಪೇಪರಿಗೆ ಕೊಟ್ಟ ಶ್ರದ್ಧಾಂಜಲಿ:
ಶಬ್ದ ಹೆಚ್ಚಿದರೆ ರೊಕ್ಕ ಹೆಚ್ಚು.
ಅರವತ್ತು ವರ್ಷ ನೇಯ್ದವರನ್ನು
ಇಪ್ಪತ್ತೆರಡು ಶಬ್ದಗಳಿಗೆ ಮಡಚಿದ್ದೆ.

ಒಂದರಲ್ಲೂ ನನ್ನ ಹೆಸರಿಲ್ಲ.
ಮಾಡಿದ ಕೆಲಸ ತೋರಿಸಿದರೆ ಕೆಲಸ;
ಕೆಲಸ ಕೊಟ್ಟರಲ್ಲವೇ ತೋರಿಸಲಿಕ್ಕೆ!
ಅದಕ್ಕೇ ನಿನ್ನೆ ರಾತ್ರಿ
ಎಲ್ಲಿಯೂ ಇಲ್ಲದ ಹೋಟೆಲಿಗೊಂದು ಜಾಹೀರಾತು ಬರೆದೆ.
ತಮ್ಮ ಓದಿ, ಮಿರ್ಚಿಯ ಸಾಲಿಗೆ ನಿಂತು,
'ಎಲ್ಲೈತಿಬೇ ಇದು? ಈಗ ತೆಗದಿರತದೇನ?' ಅಂದ.

ಕಿನ್ನಾಳದ ವೆಂಕೋಬ ಚಿತ್ರಗಾರರದ್ದೂ ಒಂದಿತ್ತು.
'ಗೊಂಬಿ ಜೋಡಿ ಇಡಾಕ ಒಂದ ಚೀಟಿ ಬರದ ಕೊಡವಾ.'
ಪುರಾತನ, ಅಮೋಘ, ಅದ್ವಿತೀಯ
ಎಂದು ತುಂಬಿಸಿಕೊಂಡು ಹೋಗಿದ್ದೆ.
ಕನ್ನಡಕ ಸರಿಮಾಡಿಕೊಂಡು ಓದಿದರು:
'ಚಲೋ ಐತಿ. ಇದರಾಗ ಗೊಂಬಿ ಎಲ್ಲೈತಿ?'
ನನ್ನ ಅಂಗೈ ಹಿಡಿದು
ಹುಣಸೆಬೀಜದ ಅಂಟು ಸವರಿದರು.
ಬಸ್ಸಿನ ಕಂಬಿಗೆ ಕೈ ಅಂಟುತ್ತ ಮನೆ ಮುಟ್ಟಿ
ಮತ್ತೆ ಬರೆದೆ:
'ಹಗುರ ಕಟ್ಟಿಗೆ. ಹುಣಸೆಬೀಜದ ಅಂಟು.
ಒಣಗಲು ಎರಡು ಬಿಸಿಲು.
ಕಣ್ಣು ಕೊನೆಗೆ.'
ಆ ಚೀಟಿ ಅವರ ಅಂಗಿಯ ಜೇಬಿನಲ್ಲೇ ಇದೆಯಂತೆ,
ಬಂದವರಿಗೆಲ್ಲ ತೆಗೆದು ತೋರಿಸುತ್ತಾರಂತೆ.
ನನ್ನ ಹತ್ತಿರ ಅದರ ನಕಲಿಲ್ಲ.

ಎಲ್ಲ ನೆಲಕ್ಕೆ ಹರವಿ
ದವಾಖಾನೆಯದ್ದು ಮೇಲಿಟ್ಟೆ. ಬಣ್ಣದ ಕಾಗದ,
ಹೊಳೆಯುತ್ತದೆ.
ಅವ್ವ ಅಕ್ಷರ ಕಲಿತವಳಲ್ಲ.
ಎಳೆ ಬಿಡಿಸುವ ಕೈ ಬಿಡಿಸುತ್ತಲೇ ಇತ್ತು:
'ಮ್ಯಾಲ ಉದ್ದಂದು, ಒಳಗ ತುಂಡು
ಇಟ್ಟ ಕಟ್ಟಿದರ ಒಂದ ಸಲದ ವ್ಯಾಪಾರ.
ಮುಂದ ಆ ಊರಿಂದ ಫೋನು ಬರಂಗಿಲ್ಲ.'

ದವಾಖಾನೆಯನ್ನು ತೆಗೆದೆ.
ಹೋಟೆಲಿನ ತಲೆಯ ಮೇಲೆ
'ಕಲ್ಪಿಸಿ ಬರೆದದ್ದು' ಎಂದು ನಮೂದಿಸಿದೆ.
ಗಿಣಿಗೇರಿಯ ಎರಡನೆಯ ಸಾಲಿನ ಕೆಳಗೆ
ಪೆನ್ಸಿಲಿನಲ್ಲಿ ಒಂದು ಗೆರೆ. ಆಮೇಲೆ ಅಳಿಸಿದೆ.
ಕಾಕಾನದ್ದು ಕಳಿಸಲೋ ಬೇಡವೋ,
ಸಾವನ್ನು ಸ್ಯಾಂಪಲ್ಲಿಗೆ ಹಚ್ಚುವುದೆ?
ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದೆ.
ನಾಳೆ ಕಿನ್ನಾಳಕ್ಕೆ ಹೋಗಿ
ನನ್ನದೇ ಚೀಟಿಯ ಫೋಟೋ ಬೇಡಬೇಕು.

ಹಾಳೆ ಜೋಡಿಸುವಾಗ
ಫೈಲಿನೊಳಗಿಂದ ಒಂದು ಕೂದಲು ಜಾರಿತು.
ಅವ್ವ ಎತ್ತಿ, ಬೆಳಕಿಗೆ ಹಿಡಿದು,
ಎರಡು ಬೆರಳಲ್ಲಿ ಎಳೆದು
'ನಿಂದ ಇದು. ಹದಿನೆಂಟು' ಅಂದಳು.
ಹದಿನೆಂಟರ ಕಟ್ಟಿಗೆ ಸೇರಿಸಿ
ದಾರ ಸುತ್ತಿದಳು.