ಹಲಗೆಯ ಕೆಳಗೆ ಈಜುಕೊಳ

ಚಳಿಗಾಲ ಬಂತೆಂದರೆ ಬರ್ನ್‌ಲಿಯಲ್ಲಿ
ಈಜುಕೊಳದ ಮೇಲೆ ಹಲಗೆ ಹಾಸುತ್ತಿದ್ದರು.
ಹಲಗೆಯ ಮೇಲೆ ರಿಂಗು, ಸುತ್ತ ಮಡಚುವ ಕುರ್ಚಿ,
ಕುರ್ಚಿ ತುಂಬ ಹತ್ತಿ ಗಿರಣಿಯ ಮಂದಿ,
ವಿನೆಗರ್ ಸುರಿದ ಬಟಾಣಿ, ಒದ್ದೆ ಕೋಟು, ಸಿಗರೇಟು,
ಇವೆಲ್ಲದರ ಅಡಿಯಿಂದ ಸಣ್ಣಗೆ ಕ್ಲೋರಿನ್ ವಾಸನೆ.
ಮಣ್ಣು ಮುಕ್ಕಿಸುವುದಕ್ಕೆ ಮಣ್ಣೇ ಇಲ್ಲದ ಅಖಾಡ.
ಯಾರಾದರೂ ಬಿದ್ದರೆ ಕೊಳವೇ ಗುಡುಗುತ್ತಿತ್ತು.
ನೀರು ಬಸಿದಿದ್ದೇವೆ ಎನ್ನುತ್ತಿದ್ದ ಕಾವಲುಗಾರ.
ನನಗೆ ನಂಬಿಕೆಯಿಲ್ಲ.

ನಾನು ರೆಫರಿ. ಬಿಳಿ ಅಂಗಿ, ಕಪ್ಪು ಬೋ ಟೈ,
ಮೂರರ ತನಕ ಎಣಿಸಿ ಹೊಟ್ಟೆ ಹೊರೆದವನು.

ಅವನು ಸಿರಿಲ್ ಎಂಟ್‌ವಿಸಲ್.
ಎರಡು ಹತ್ತಿಮೂಟೆಗಳನ್ನು ಬೆಕ್ಕಿನ ಮರಿಯಂತೆ
ಕಂಕುಳಲ್ಲಿಟ್ಟು ನಡೆಯುವುದನ್ನು ಕಂಡು
ಗ್ರಿಮ್‌ಶಾ ಸಾಹೇಬರು ಅಂದರು:
'ಈ ಮುಖವನ್ನು ಯಾರೂ ಮೆಚ್ಚುವುದಿಲ್ಲ. ಇದರಲ್ಲಿ ದುಡ್ಡಿದೆ.'
ಅಂದಿನಿಂದ ಅವನು ಬುಡಾಪೆಸ್ಟಿನ ಕೌಂಟ್ ಜೋಲ್ಟಾನ್.
ಬುಡಾಪೆಸ್ಟ್ ಎಲ್ಲಿ ಬರುತ್ತೆ, ಕೇಳಿದ.
ಬ್ಲ್ಯಾಕ್‌ಪೂಲ್‌ನಿಂದ ಆಚೆ, ಅಂದರು.
ಒಂದೇ ಷರತ್ತು: ಜನರೆದುರು ಬಾಯಿ ಬಿಡಬಾರದು.
ಬಿಟ್ಟರೆ ಲ್ಯಾಂಕಶೈರ್, ಬಣ್ಣಗೇಡು.
ಹನ್ನೊಂದು ವರ್ಷ ಬೇಕರಿಯಲ್ಲಿ
ಬೆರಳು ತೋರಿಸಿ ಬ್ರೆಡ್ಡು ಕೊಂಡ.
ಮನೆಯಲ್ಲೂ ಮಾತು ಹಾಗೇ ಸವೆದುಹೋಯಿತೆಂದು
ಹಿಲ್ಡಾ ಒಮ್ಮೆ ನನ್ನ ಬಳಿ ಹೇಳಿದಳು,
ಅವನ ಲಂಗೋಟಿಯಂಥ ಕೆಂಪು ಚಡ್ಡಿಗೆ ಎಲಾಸ್ಟಿಕ್ ಪೋಣಿಸುತ್ತಾ.

ಬೆಲ್ಟು ಹೊಲಿದವನು ರೋಚ್‌ಡೇಲಿನ ಬೂಟಿನವನು.
ಅದರ ಚಿನ್ನ, ಯಾರದೋ ಅಗ್ಗಿಷ್ಟಿಕೆಯಿಂದ ಕಿತ್ತ ಹಿತ್ತಾಳೆ.
ಅವನದನ್ನು ಗೆದ್ದದ್ದು ಒಂದು ಗುರುವಾರ, ಹದಿನಾಲ್ಕನೇ ನಿಮಿಷ;
ಕಿವಿಯಲ್ಲಿ ಉಸಿರಿದವನು ನಾನೇ: 'ಈಗ.'
ಮೊದಲೇ ಗೊತ್ತಿದ್ದ ಗೆಲುವಿಗೆ ಯಾರಾದರೂ ಅಳುತ್ತಾರೆಯೆ?
ಟವೆಲ್ಲಿನಲ್ಲಿ ಮುಖ ಹುದುಗಿಸಿ ಅತ್ತ.
ಹೊರಗೆ ಜನ ಇನ್ನೂ ಉಗಿಯುತ್ತಿದ್ದರು.

ಯಾರೂ ಗೊತ್ತುಮಾಡದೆ ಬಂದದ್ದು ಒಂದೇ:
ಮುಂದಿನ ಸಾಲು, ಮೂರನೇ ಕುರ್ಚಿ, ಎಡ್ನಾ ಕ್ಲೆಗ್,
ಮಗ್ಗದ ಸದ್ದಿಗೆ ಕಿವಿ ಕೊಟ್ಟು ಕಿವುಡಾದ ವಿಧವೆ,
ಅವಳ ಟೊಪ್ಪಿಗೆಯ ಸೂಜಿ.
ಹಗ್ಗದ ಬಳಿ ಸುಳಿದರೆ ಸಾಕು, ತೊಡೆಗೆ ಅರ್ಧ ಇಂಚು.
ದೂರು ಕೊಡು ಅಂದೆ.
'ನಿಜ ಅಂತ ತಿಳಿದಿದ್ದಾಳೆ, ಪಾಪ' ಅಂದ,
'ಒಬ್ಬಳಿಗಾದರೂ ಇರಲಿ.'
ಆಮೇಲೆ ಗಮನಿಸಿದೆ. ಎಲ್ಲಿ ಎತ್ತಿ ಒಗೆದರೂ
ಆ ಮೂಲೆಗೇ ಹೋಗಿ ಬೀಳುತ್ತಿದ್ದ.

ಮುಂದಿನದು ಸಣ್ಣ ಕಥೆ. ಹಾಲಿನ ಗಾಡಿ,
ನಸುಕಿನ ನಾಲ್ಕಕ್ಕೆ ಬಾಟಲಿಗಳ ಕಿಣಿಕಿಣಿ.
ಬಾಗಿಲು ಬಾಗಿಲಲ್ಲಿ ನಿಂತು ಊರ ಮಾತನ್ನು ಊರ ಬಾಯಲ್ಲೇ ಆಡುತ್ತಿದ್ದ,
ಹಳೇ ಸಾಲ ತೀರಿಸುವವನಂತೆ, ಬಡ್ಡಿ ಸಮೇತ.
ಇವನೇ ಜೋಲ್ಟಾನ್ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ನಡುವೆ ಒಂದು ರಾತ್ರಿ ಬಿಟ್ಟೆ. ಬೇಕೆಂದೇ ಬಿಟ್ಟೆ.

ಗ್ರಿಮ್‌ಶಾರ ತಂಗಿಯ ಮಗ ಡೆರಿಕ್. ಹಲ್ಲು ಚೆನ್ನಾಗಿದ್ದವು.
ಬೆಲ್ಟು ಇನ್ನು ಅವನಿಗೆ, ಏಳನೇ ನಿಮಿಷ, ಎಂದು
ಕಾರಿನ ಗಾಜು ಇಳಿಸಿ ಹೇಳಿ, ಏರಿಸಿಕೊಂಡು ಹೋದರು.
ಏಳನೇ ನಿಮಿಷ. ಒಂದು, ಎರಡು, ಎಣಿಸಿದೆ.
ಭುಜ ಎತ್ತಿದ.
ಕಿವಿಯಲ್ಲಿ 'ಈಗ' ಅಂದೆ. ಕೇಳಿಸಿತ್ತು ಅವನಿಗೆ.
ಮತ್ತೆ ಎತ್ತಿದ.
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ,
ಮಣ್ಣೆಲ್ಲಿತ್ತು? ಮೀಸೆಗೆ ಬಳಿದ ಬೂಟುಪಾಲಿಷು ಕರಗಿ
ಡೆರಿಕ್‌ನ ಬಿಳಿ ಎದೆಗೆಲ್ಲ ಮೆತ್ತಿಕೊಂಡಿತ್ತು.
ಮೂರನೇ ಸಲ, ಅವನ ಭುಜಕ್ಕೂ ಹಾಸಿಗೂ ನಡುವೆ
ನನ್ನ ಅಂಗೈ ತೂರುವಷ್ಟು ಜಾಗವಿತ್ತು.
ನಾನು ಮೂರು ಅಂದೆ.

ಇಡೀ ಕೊಳ ಕುಣಿಯಿತು.
ಒಬ್ಬಳು ಮಾತ್ರ ಕುರ್ಚಿಯ ಮೇಲೆ ಹತ್ತಿ ನಿಂತು
ಕಿವುಡರ ದೊಡ್ಡ ದನಿಯಲ್ಲಿ:
'ಭುಜ ಎದ್ದಿತ್ತು ಕಣೋ! ಕಣ್ಣು ಹೋಗಿದೆಯೇನೋ ನಿಂಗೆ!'
ಬಿದ್ದಲ್ಲಿಂದಲೇ ಅವನು ಅವಳತ್ತ ಹೊರಳಿ ನೋಡಿದ.
ನಾನು ತಲೆ ತಗ್ಗಿಸಿ ಮೆಟ್ಟಿಲಿಳಿದು
ಮೂರನೇ ಕುರ್ಚಿಯ ಪಕ್ಕ ಹಾಯುವಾಗ
ಸೂಜಿ ಬಂತು.
ಅರ್ಧ ಇಂಚಲ್ಲ.