ಎಲುಬಿನ ಕೈ

ಸಾಂತಾನ ಫಿಟ್ಟರನ ಮಗ ಹಡಗಿನ್ಯಾಗ ಅಡಿಗಿ ಮಾಡಾಂವ.
ರಜಾಕ್ಕ ಬಂದಾಗ ಕಾಲುಚೀಲದಾಗ ಸುತ್ತಿ ತಂದಿದ್ದ
ನನ್ನ ತೋರುಬೆರಳಿನಷ್ಟು ಒಂದು ಜೀವ.
‘ಕೈ ಮುರದೈತಿ, ಗೋದಕ್ಕಾ. ಕೂಡಿಸಿ ಕೊಡು.’

ಗೋಕಾಕದ ಗೊಂಬಿ ಮನಿತನದಾಕಿ ನಾನು.
ಗಿಣಿ ಗೊತ್ತು, ಗೌರಿ ಗೊತ್ತು,
ಸೀತಾಫಲದ ಒಂದೊಂದು ಕಣ್ಣೂ ಗೊತ್ತು.
ಇದು ಗೊತ್ತಿರಲಿಲ್ಲ:
ಬೆನ್ನತುಂಬ ಪಕ್ಕೆಲುಬು, ಹೊಟ್ಟಿ ಮ್ಯಾಲ ಕೂಸಿನ ಮಾರಿ,
ನಡದ ಕೆಳಗ ಮೀನೂ ಅಲ್ಲ, ನಾಯೀನೂ ಅಲ್ಲ,
ಬಾಯಿಗಿಂತ ಹಲ್ಲ ಹೆಚ್ಚು.

ಅಂವ ಹೇಳಿದ:
ಗ್ರೀನ್‌ಲ್ಯಾಂಡಿನ ಇನೂಯಿಟ್ ಮಂದಿ ಇದಕ್ಕ ತುಪಿಲಾಕ್ ಅಂತಾರ.
ಹಿಂದಕ, ವೈರಿ ಮ್ಯಾಲ ಸಿಟ್ಟು ತಡಕೊಳ್ಳದಾಂವ
ಒಬ್ಬನ ಸಮುದ್ರದ ದಂಡಿಗೆ ಹೋಗಿ
ಸತ್ತ ಪ್ರಾಣಿಯ ಎಲುಬು, ತೊಗಲು, ಕೂದಲು ಕೂಡಿಸಿ ಕಟ್ಟಿ
ಹಾಡಿ ಹಾಡಿ ಜೀವ ತುಂಬಿ ನೀರಿಗೆ ಬಿಡತಿದ್ದನಂತ.
ಅದನ್ನ ಕಂಡವರಿಲ್ಲ.
ಹೊರಗಿನವರು ಬಂದು ‘ಹ್ಯಾಂಗಿರತೈತಿ?’ ಅಂತ ಕೇಳಿದ ಮ್ಯಾಲ
ತೋರಸಾಕಂತ ಕೆತ್ತಿದ್ದು ಇವು.
ವೈರಿ ಗಟ್ಟಿಗನಿದ್ದರ ಹೊಳ್ಳಿ ಬರತೈತಿ,
ಕಳಿಸಿದಾಂವನನ್ನ ತಿನ್ನಾಕ.
‘ನಾಕು ಮಂದಿ ಮುಂದ ಒಪ್ಪಿಕೊಂಡರ ಬಿಡತೈತಂತ.’
ಇಷ್ಟು ಹೇಳಿ, ಚಾ ಕುಡದು, ಹೋದ.

ಹಗುರ ಕಟಗಿ ಇದಕ್ಕ ಹೊಂದೂದಿಲ್ಲ.
ದಸ್ತಗೀರನ ಅಂಗಡಿಯಿಂದ ಕುರಿ ಮೊಣಕಾಲಿನ ಎಲುಬು ತಂದೆ,
ಸೋಡಾದಾಗ ಕುದಿಸಿದೆ, ಅರ ಹಿಡದು ಕುಂತೆ.
ಕರ್ ಕರ್ ಅನ್ನೂದರ ನಡುವ
ಒಂದು ಹೆಸರು ಬಂತು ಬಾಯಿಗೆ.
ಸುಗಂಧಾ. ನನ್ನ ನೆಗೆಣ್ಣಿ.
ಅತ್ತಿ ಕೆತ್ತಿದ್ದ ಹಳೇ ಗೌರಿಯನ್ನ
ನನಗ ಒಂದು ಮಾತೂ ಕೇಳದ
ಕೊಲ್ಲಾಪುರದ ವ್ಯಾಪಾರಿಗೆ ಮಾರಿದಾಕಿ.
ಒಮ್ಮೆ ಅಲ್ಲ, ಅರ ಹಿಂದಮುಂದ ಹೋದಷ್ಟು ಸಲ
ಅಂದೆ.

ಹಳೇ ಮೈ ಚಾದ ಬಣ್ಣ, ಹೊಸಾ ಕೈ ಸುಣ್ಣ.
ಚಾಪುಡಿ ನೀರಾಗ ಒಂದು ರಾತ್ರಿ ನೆನಿಸಿಟ್ಟೆ.
ಬೆಳಗಾಗೂದರಾಗ ಒಂದಾಗಿತ್ತು.
ಕೂಡಿಸಿದ್ದು ಎಲ್ಲಿ ಅಂತ ನನಗೂ ಕಾಣಲಿಲ್ಲ.

ಹುಡುಗ ಹಡಗಿಗೆ ಹೋದ.
ಆಮ್ಯಾಲ ನಿದ್ದಿ ಬಾರದ ನಾನು ಹಾದಿ ಎಣಸತಿದ್ದೆ:
ಮೂಡಲ ಸಮುದ್ರದಿಂದ ಕೃಷ್ಣಾಕ್ಕ,
ಆಲಮಟ್ಟಿ ಗೇಟು ಹತ್ತಬೇಕು,
ಘಟಪ್ರಭಾ ಹಿಡದು ನಮ್ಮ ಓಣಿ ತನಕ ಬರಬೇಕು.
ದೂರ ಐತಿ, ಹತ್ತಾಕ ಆಗೂದಿಲ್ಲ ಅಂದುಕೊಂಡೆ.
ಹತ್ತಾಕ ಕೈ ಮಾಡಿಕೊಟ್ಟಾಕಿ ನಾನ.

ನಳದ ಪಾಳಿಯೊಳಗ, ಹನ್ನೊಂದು ಕೊಡದ ಮುಂದ,
ಅಂದುಬಿಟ್ಟೆ: ‘ಸುಗಂಧಾ, ನಿನ್ನ ಹೆಸರು
ಒಂದು ಕೆಟ್ಟ ಗೊಂಬಿ ಕಿವ್ಯಾಗ ಹೇಳೀನಿ.’
ನೀರಿನ ಸಪ್ಪಳ ಅಷ್ಟ.
ಅಕಿ ಸೆರಗು ಸಿಗಿಸಿಕೊಂಡಳು.
‘ಹೌದಾ? ಹೋದ ಅಮಾಸಿಗೆ
ನಿನ್ನ ಹೆಸರಿಲೆ ಲಿಂಬಿಹಣ್ಣ ಕೊಯ್ದೀನಿ ನಾನೂ.
ಅದಕ್ಕ ನಿನಗ ಜ್ವರ ಬಂದಿತ್ತೇನಂತ ಒಳಗ ಅಂಜಿದ್ದೆ.’
ಕೊಡ ತುಂಬಿ ಹೊರಚೆಲ್ಲಾಕ ಹತ್ತಿತ್ತು.
‘ಏನ ನೋಡತಿ? ಎತ್ತಾಕ ಒಂದು ಕೈ ಹಚ್ಚು.’

ಹಚ್ಚಿದೆ.
ಗೌರಿ ಇನ್ನೂ ಕೊಲ್ಲಾಪುರದಾಗ ಐತಿ.