ಹೈಮಾಕ್ಕೆ ಎಂಬತ್ತು ಕಿಲೋಮೀಟರ್

ಸೊಹಾರಿನಿಂದ ಸಲಾಲಾಕ್ಕೆ ಹೊರಟ ನನ್ನ ಮೊದಲ ಟ್ರಿಪ್ಪಿನಲ್ಲಿ
ಉಳ್ಳಾಲದ ಹಸನಬ್ಬಣ್ಣ ಕಲಿಸಿದ್ದು ಗೇರು, ಬ್ರೇಕು ಅಲ್ಲ.
ಅದೆಲ್ಲ ನನಗೆ ಬರುತ್ತಿತ್ತು;
ಇಳಕಲ್ಲಿನ ಕ್ವಾರಿಯೊಳಗೆ ಕೆಂಪು ಕಲ್ಲು ಹೊತ್ತ ಲಾರಿಯನ್ನು
ರಿವರ್ಸಿನಲ್ಲೇ ದಿಬ್ಬ ಹತ್ತಿಸಿದವನು ನಾನು.

ಅವರು ಕಲಿಸಿದ್ದು ಉಚ್ಚೆಯ ಬಣ್ಣ.
"ಮಜ್ಜಿಗೆಯ ಮೇಲಿನ ತಿಳಿಯಂತಿದ್ದರೆ ಗಾಡಿ ಬಿಡು,
ಹಾಲಿಲ್ಲದ ಚಹಾದಂತಿದ್ದರೆ ನಿಲ್ಲಿಸು, ಕುಡಿ.
ಬಾಯಾರುವ ತನಕ ಕಾಯುವವನು
ಡೀಸೆಲ್ ಮುಗಿದ ಮೇಲೆ ಪಂಪು ಹುಡುಕುವವನು."

ಇನ್ನೂರು ಕಿಲೋಮೀಟರಿಗೊಮ್ಮೆ ಇಳಿಸುತ್ತಿದ್ದರು.
ಟ್ರೈಲರಿನ ನೆರಳಲ್ಲಿ ಇಬ್ಬರೂ ಸಾಲಾಗಿ ನಿಂತು
ಹಿಮ್ಮಡಿ ಎತ್ತಿ ಇಳಿಸುವುದು, ಇಪ್ಪತ್ತು ಸಲ,
ಗೋಡೆಯಾಚೆ ಏನಿದೆಯೆಂದು ಇಣುಕುವವರ ಹಾಗೆ.
ಕಣ್ಣು ಹರಿಯುವಷ್ಟು ದೂರ
ಒಂದು ಗೋಡೆಯೂ ಇರಲಿಲ್ಲ.

ಮತ್ತೆ ಒಂದು ಮಾತು, ಕಾರಣ ಹೇಳದೆ:
"ಸೀಟಿನಡಿಯ ನೀಲಿ ಡಬ್ಬಿ ಮುಟ್ಟಬೇಡ."

ಅದಮ್ ಊರಿನಲ್ಲಿ ಅವರು ನಮಾಜಿಗೆ ಇಳಿದಾಗ
ಮುಟ್ಟಿದೆ.
ಏಳು ಖರ್ಜೂರ. ಹಸಿವಿತ್ತು, ಅಷ್ಟೇ,
ದೊಡ್ಡ ಕತೆಯೇನಿಲ್ಲ.
ಬೀಜಗಳನ್ನು ಮರಳಿ ಡಬ್ಬಿಗೇ ಹಾಕಿ ಮುಚ್ಚಿದೆ,
ಎತ್ತಿ ನೋಡಿದರೆ ಖಾಲಿ ಅನ್ನಿಸದಿರಲಿ ಎಂದು.

ಹೈಮಾಕ್ಕೆ ಎಂಬತ್ತು ಎಂದು ಬೋರ್ಡು ಬಂತು.
ಹೊರಗೆ ನಲವತ್ತೆಂಟು ಡಿಗ್ರಿ. ಒಳಗೆ ಎಸಿಯ ತಂಪು.
ಆ ತಂಪಿನಲ್ಲಿ ಹಸನಬ್ಬಣ್ಣ ಬೆವರುತ್ತಿದ್ದರು,
ಮುಂದಿನ ಗಾಜಿನ ಜೊತೆ ಬ್ಯಾರಿ ಭಾಷೆಯಲ್ಲಿ
ಯಾವುದೋ ಹಳೆಯ ಜಗಳ ಆಡುತ್ತಿದ್ದರು.
ಟಯರು ಬಿಳಿಗೆರೆ ದಾಟಿ ಮರಳು ಕಡಿಯಿತು.
ಸ್ಟೀರಿಂಗ್ ಹಿಡಿದದ್ದು ನಾನು,
ಬ್ರೇಕು ಒತ್ತಿದ್ದು ಅವರ ಕಾಲಿನ ಅಭ್ಯಾಸ.

ಬೆರಳು ಸೀಟಿನಡಿಗೆ ತೋರಿತು.
ತೆರೆದೆ.
ಏಳು ಬೀಜಗಳನ್ನು ನೋಡಿದರು, ನನ್ನನ್ನು ನೋಡಿದರು,
ಕಣ್ಣು ಮುಚ್ಚಿದರು.

ರಸ್ತೆ ನಡುವೆ ನಿಂತು ಟವೆಲ್ಲು ಬೀಸಿದೆ.
ಮೂರು ಕಾರು ಹಾರನ್ನು ಹೊಡೆದು ಹೋದವು.
ನಾಲ್ಕನೆಯದು ಪಿಕಪ್ಪು, ಹಿಂದೆ ಮಂಡಿಯೂರಿದ ಒಂಟೆ.
ಇಳಿದ ಮುದುಕನಿಗೆ ನನ್ನ ಭಾಷೆ ಬೇಕಾಗಲಿಲ್ಲ;
ಬೆವರು ನೋಡಿದ, ಕಣ್ಣ ರೆಪ್ಪೆ ಎತ್ತಿ ನೋಡಿದ,
ಹೋಗಿ ಒಂಟೆಯ ಮುಂದಿದ್ದ ಚೀಲಕ್ಕೇ ಕೈಹಾಕಿದ.
ಜಜ್ಜಿದ, ಒಣಗಿದ, ಧೂಳು ಹತ್ತಿದ ಖರ್ಜೂರ.
ಅಂಗಿಯ ತುದಿಗೆ ಒರೆಸಿ, ಬೀಜ ತೆಗೆದು,
ನೀರಲ್ಲಿ ಹಿಸುಕಿ, ಚೂರುಚೂರೇ
ಕೆನ್ನೆಯ ಒಳಗೆ ಸವರಿದ.
ಮೇಲಿನಿಂದ ಒಂಟೆ ಬಗ್ಗಿ ನೋಡಿತು,
ತನ್ನ ಲೆಕ್ಕ ತಪ್ಪುತ್ತಿರುವುದನ್ನು.

ಕಾಲು ಗಂಟೆ.
ಬ್ಯಾರಿ ನಿಂತು ಕನ್ನಡ ಮರಳಿ ಬಂತು:
"ಒಂಟೆಯದ್ದಾದರೂ ಉಳಿಸಿದೆಯಲ್ಲ, ಮಾರಾಯ."

ಹೈಮಾದ ಆಸ್ಪತ್ರೆಯಲ್ಲಿ ನರ್ಸು ಗದರಿದಾಗ ತಿಳಿಯಿತು:
ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ.
ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು,
ಇದ್ದ ಒಂದೇ ಪರೋಟಾ ನನಗೆ ಕೊಟ್ಟಿದ್ದರು.
"ಕಂಪನಿಗೆ ಹೇಳಬೇಡ" ಅಂದರು,
ಮೆಡಿಕಲ್ ಫೇಲಾದರೆ ಟಿಕೆಟ್ಟು ಮಂಗಳೂರಿಗೆ.
ನನ್ನ ಉಚ್ಚೆಯ ಬಣ್ಣ ದಿನಕ್ಕೆ ಮೂರು ಸಲ ಕೇಳಿದವರು
ತಮ್ಮ ರಕ್ತದ ಮಾತು ಎತ್ತಿರಲಿಲ್ಲ.

ಹೇಳಲಿಲ್ಲ. ಹೇಳಬೇಕಿತ್ತೇನೋ.
ಮರುವರ್ಷ ಕಂಪನಿಯೇ ಕಂಡುಹಿಡಿಯಿತು.

ಈಗ ಸ್ಟೀರಿಂಗು ನನ್ನದು.
ನನಗೆ ಸಕ್ಕರೆ ಇಲ್ಲ, ಇನ್ನೂ.
ಪಕ್ಕದಲ್ಲಿ ಹೊಸ ಹುಡುಗ, ಸಿಂದಗಿಯ ಮಲಕಣ್ಣ,
ನಾಚಿಕೊಂಡು ಬಣ್ಣ ಹೇಳುತ್ತಾನೆ,
ಟ್ರೈಲರಿನ ನೆರಳಲ್ಲಿ ನನ್ನ ಜೊತೆ ಇಣುಕುತ್ತಾನೆ
ಇಲ್ಲದ ಗೋಡೆಯಾಚೆ.

ಸೀಟಿನಡಿ ಎರಡು ಡಬ್ಬಿ ಇಟ್ಟಿದ್ದೇನೆ.
ಒಂದನ್ನು ತೋರಿಸಿ, ಮುಟ್ಟಬೇಡ ಅಂದಿದ್ದೇನೆ.
ಇನ್ನೊಂದರ ವಿಷಯ
ಹೇಳಿಲ್ಲ.